ಸಾರ್ವಜನಿಕ ಗ್ರಂಥಪಾಲಕರ ಶಿಕ್ಷಣ

'ಗ್ರಂಥ' ಎಂಬ ಶಬ್ದಕ್ಕೆ ಪೋಣಿಸಿದುದು, ಕಟ್ಟಿದುದು ಎಂದು ಮೂಲಾರ್ಥ. ಓಲೆಯ ಗರಿಗಳಿಗೆ ರಂಧ್ರವನ್ನು ಮಾಡಿ, ದಾರವನ್ನು ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುತ್ತಿದ್ದ ಕಾಲದ ನೆನಪನ್ನು ಆ ಶಬ್ದವು ಇಂದಿಗೂ ತರುತ್ತದೆ. 'ಪಾಲಕ' ಎಂದರೆ ಕಾಯುವವನು ಎಂದೂ ಅರ್ಥ, ಪೋಷಿಸುವವನು ಎಂದೂ ಅರ್ಥ. ಈ ಎರಡು ಅರ್ಥಗಳೂ ಒಂದೇ ಅಲ್ಲ. ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನೂ ಗ್ರಂಥವನ್ನು ಕಾಯುತ್ತಾನೆ. ಆದರೆ ಅವನಿಂದ ಗ್ರಂಥಕ್ಕೂ ಪೋಷಣೆಯಿಲ್ಲ, ಓದುಗನಿಗೂ ಪೋಷಣೆಯಿಲ್ಲ. ಕಾಯುವುದಕ್ಕೆ ಪ್ರಾಮಾಣಿಕತೆ ಸಾಕು. ಪೋಷಿಸುವುದಕ್ಕೆ ಪ್ರಾಮಾಣಿಕತೆಯ ಜೊತೆಗೆ ವಿದ್ಯೆ ಬೇಕು. ಆ ವಿದ್ಯೆಯು ಹೇಗೆ ಹುಟ್ಟಿತು, ಅದರಲ್ಲಿ ಕಲಿಯಬೇಕಾದುದೇನಿದೆ, ಅದು ಯಾರಿಗೆ ದೊರೆತಿದೆ, ಯಾರಿಗೆ ಸಾಕಷ್ಟು ದೊರೆತಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಗ್ರಂಥಾಲಯವೆಂದೊಡನೆ ಸಾಮಾನ್ಯವಾಗಿ ಜನರ ಕಣ್ಣಿಗೆ ಬರುವುದು ಕಟ್ಟಡ, ಕಪಾಟು ಮತ್ತು ಪುಸ್ತಕ. ಈ ಮೂರೂ ಹಣದಿಂದ ಒದಗತಕ್ಕವು. ಒಂದು ಶುಭಮುಹೂರ್ತದಲ್ಲಿ ಉದ್ಘಾಟನೆಯಾಗಿ, ಮಾಲೆ ಬಾಡುವುದರೊಳಗೆ ಧೂಳು ಹಿಡಿದ ಗ್ರಂಥಾಲಯಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಅಂಥವುಗಳಲ್ಲಿ ಕಟ್ಟಡಕ್ಕೂ ಕೊರತೆಯಿರಲಿಲ್ಲ, ಪುಸ್ತಕಕ್ಕೂ ಕೊರತೆಯಿರಲಿಲ್ಲ. ಇದ್ದ ಕೊರತೆಯು ನಾಲ್ಕನೆಯದಾದ ಒಂದು ಅಂಗದ್ದು: ಪುಸ್ತಕವನ್ನೂ ಓದುಗನನ್ನೂ ಬಲ್ಲ, ಇವರಿಬ್ಬರನ್ನೂ ಕೂಡಿಸಬಲ್ಲ ಮನುಷ್ಯನದ್ದು.

ನಾಡಿನ ಪೂರ್ವಪರಂಪರೆ

ಈ ಮನುಷ್ಯನ ಮಹತ್ತ್ವವನ್ನು ಕನ್ನಡ ನಾಡು ಬಹು ಹಿಂದೆಯೇ ಅರಿತಿತ್ತು. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದಲ್ಲಿರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಒಂದು ದೊಡ್ಡ ಘಟಿಕಾಸ್ಥಾನವಿತ್ತು. ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ ಕ್ರಿ.ಶ. 1058ರ ಶಾಸನವು ಅಲ್ಲಿನ ವ್ಯವಸ್ಥೆಯನ್ನು ವಿವರಿಸುತ್ತದೆ. ಇನ್ನೂರಕ್ಕೂ ಮಿಕ್ಕಿದ ವಿದ್ಯಾರ್ಥಿಗಳು. ವೇದವನ್ನು ಹೇಳಿಕೊಡಲು ಮೂವರು, ಶಾಸ್ತ್ರಗಳನ್ನು ಹೇಳಿಕೊಡಲು ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು. ಸರಸ್ವತೀ ಭಂಡಾರವೆಂದರೆ ಗ್ರಂಥಭಂಡಾರ; ಅದನ್ನು ನೋಡಿಕೊಳ್ಳುವವನು ಸರಸ್ವತೀ ಭಂಡಾರಿಗ. ಕಲಿಸುವವರು ಆರು ಮಂದಿ, ಗ್ರಂಥವನ್ನು ನೋಡಿಕೊಳ್ಳುವವರೂ ಆರು ಮಂದಿ ಎಂಬ ಲೆಕ್ಕವನ್ನು ವಾಚಕರು ಗಮನಿಸಬೇಕು. ಒಂಬೈನೂರು ವರ್ಷಗಳಿಗೂ ಹಿಂದೆ ಒಂದು ವಿದ್ಯಾಸಂಸ್ಥೆಯನ್ನು ಕಟ್ಟಿದವರು ಗ್ರಂಥಪಾಲಕನನ್ನು ಉಪಾಧ್ಯಾಯನ ಸರಿಸಮಾನವಾಗಿ ಎಣಿಸಿದ್ದರು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆ ಕಾಲದ ಭಂಡಾರಿಗನ ಕೆಲಸವು ಸುಲಭವಾದುದಾಗಿರಲಿಲ್ಲ. ಓಲೆಯನ್ನು ಹದಗೊಳಿಸುವುದು, ಎಣ್ಣೆ ಹಚ್ಚಿ ಹುಳುವಿನಿಂದ ಕಾಪಾಡುವುದು, ಜೀರ್ಣವಾದುದನ್ನು ಪ್ರತಿಮಾಡಿಸುವುದು, ಯಾವ ಕಟ್ಟಿನಲ್ಲಿ ಯಾವ ಕೃತಿಯಿದೆಯೆಂದು ನೆನಪಿಡುವುದು ಇವೆಲ್ಲವನ್ನೂ ಅವನು ಬಲ್ಲವನಾಗಿರಬೇಕಿತ್ತು. ಪ್ರತಿಯ ಕೊನೆಯಲ್ಲಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಪುಸ್ತಕವನ್ನು ರಕ್ಷಿಸಬೇಕೆಂದು ಲಿಪಿಕಾರರು ಬೇಡಿಕೊಳ್ಳುವ ವಾಡಿಕೆಯಿತ್ತು. ಈ ವಿದ್ಯೆಗೆ ಪ್ರತ್ಯೇಕ ಪಾಠಶಾಲೆಯಿರಲಿಲ್ಲ. ಹಿರಿಯನ ಕೈಕೆಳಗೆ ಕಿರಿಯನು ಕೆಲಸ ಮಾಡುತ್ತ ಕಲಿಯುತ್ತಿದ್ದನು.

ಬಲ್ಲವರಿಲ್ಲದಿದ್ದರೆ ಭಂಡಾರವು ಏನಾಗುವುದೆಂಬುದಕ್ಕೂ ನಮ್ಮಲ್ಲಿ ನಿದರ್ಶನವಿದೆ. ವಚನಗಳ ಓಲೆಗಟ್ಟುಗಳು ತಲೆಮಾರುಗಳ ಕಾಲ ಮನೆಮಠಗಳಲ್ಲಿ ಪೂಜೆಗೊಳ್ಳುತ್ತಿದ್ದುವು. ಒಳಗೇನಿದೆಯೆಂಬುದನ್ನು ಓದಿ ಹೇಳಬಲ್ಲವರು ಮಾತ್ರ ವಿರಳವಾಗಿದ್ದರು. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಅರಸಿ, ಓದಿ, ಹೊಂದಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲನೆಯ ಭಾಗವನ್ನು ಪ್ರಕಟಿಸಿದ ಮೇಲೆ ಆ ಸಾಹಿತ್ಯವು ಜನರ ಕೈಗೆ ಬಂದಿತು. ಭಂಡಾರದಲ್ಲಿ ಗ್ರಂಥವಿರುವುದು ಒಂದು, ಅದು ಓದುಗನಿಗೆ ದೊರೆಯುವುದು ಇನ್ನೊಂದು. ಇವುಗಳ ನಡುವಿನ ದೂರವನ್ನು ದಾಟಿಸುವುದೇ ಗ್ರಂಥಪಾಲಕನ ಕೆಲಸ.

ಶಿಕ್ಷಣದ ಉಗಮ

ಅಚ್ಚುಯಂತ್ರವು ಬಂದು ಪುಸ್ತಕಗಳು ಸಾವಿರಗಟ್ಟಲೆಯಾಗಿ ಹೊರಬೀಳತೊಡಗಿದ ಮೇಲೆ ನೆನಪನ್ನಷ್ಟೇ ನಂಬಿ ಭಂಡಾರವನ್ನು ನಡೆಸುವುದು ಅಸಾಧ್ಯವಾಯಿತು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ತನ್ನ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದನು. ಅದೇ ವಿದ್ವಾಂಸನು 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರಿಗಾಗಿಯೇ ಒಂದು ಶಾಲೆಯನ್ನು ತೆರೆದನು. ಅಲ್ಲಿ ಸೇರಿದ ಮೊದಲ ತಂಡದಲ್ಲಿ ಹೆಚ್ಚಿನವರು ಸ್ತ್ರೀಯರು. ಇದು ಅಲ್ಲಿನ ಆಡಳಿತದವರಿಗೆ ಸಮ್ಮತವಾಗಲಿಲ್ಲವಾಗಿ, ಎರಡೇ ವರ್ಷಗಳಲ್ಲಿ ಶಾಲೆಯು ಆಲ್ಬನಿ ನಗರಕ್ಕೆ ಸಾಗಬೇಕಾಯಿತು.

ಭಾರತದಲ್ಲಿ ಈ ಶಿಕ್ಷಣಕ್ಕೆ ಮೊದಲು ಆಶ್ರಯವನ್ನಿತ್ತ ಕೀರ್ತಿ ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರದು. ಅಮೆರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡಿದ್ದ ಮಹಾರಾಜರು ಡಬ್ಲ್ಯು. ಎ. ಬೋರ್ಡನ್ ಎಂಬ ಗ್ರಂಥಪಾಲಕರನ್ನು 1910ರಲ್ಲಿ ಬರಮಾಡಿಕೊಂಡು, ತಮ್ಮ ಸಂಸ್ಥಾನದಲ್ಲಿ ರಾಜಧಾನಿಯಿಂದ ಹಳ್ಳಿಯವರೆಗೆ ಗ್ರಂಥಾಲಯಗಳ ಜಾಲವನ್ನು ಹೆಣೆಯುವ ಕಾರ್ಯವನ್ನು ಅವರಿಗೆ ಒಪ್ಪಿಸಿದರು. ಬೋರ್ಡನ್ನರು 1911ರಲ್ಲಿಯೇ ತರಬೇತಿಯ ತರಗತಿಯನ್ನು ಆರಂಭಿಸಿದರು. ಹಳ್ಳಿಗೆ ಗ್ರಂಥಾಲಯವು ಬರಬೇಕಾದರೆ ಅದನ್ನು ನಡೆಸಬಲ್ಲವರು ಸಿದ್ಧರಾಗಬೇಕು ಎಂಬ ವಿವೇಕವು ಆ ಯೋಜನೆಯಲ್ಲಿತ್ತು. ತರುವಾಯ 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಆಸಾ ಡಾನ್ ಡಿಕಿನ್ಸನ್ ಎಂಬವರು ಇಂಥದೇ ಶಿಕ್ಷಣವನ್ನು ಆರಂಭಿಸಿದರು.

ರಂಗನಾಥನ್ ಅವರ ದೃಷ್ಟಾಂತ

ಶಿಕ್ಷಣವು ಮನುಷ್ಯನಲ್ಲಿ ಎಂಥ ಮಾರ್ಪಾಟನ್ನು ಉಂಟುಮಾಡಬಲ್ಲದು ಎಂಬುದಕ್ಕೆ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನವೇ ದೃಷ್ಟಾಂತ. 1892ರಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ಆ ಹುದ್ದೆಯಲ್ಲಿ ಅವರಿಗೆ ಒಂದು ವಾರ ಕಳೆಯುವುದೂ ದುಸ್ತರವಾಯಿತು. ಓದುಗರು ವಿರಳ, ಮಾಡಲು ಕೆಲಸವಿಲ್ಲ, ಮಾತನಾಡಲು ಜನರಿಲ್ಲ. ತಮ್ಮನ್ನು ಮರಳಿ ಪಾಠಕ್ಕೆ ಕರೆಸಿಕೊಳ್ಳಬೇಕೆಂದು ಅವರು ಹಳೆಯ ಪ್ರಾಂಶುಪಾಲರಲ್ಲಿ ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದ ಮೇಲೂ ಮನಸ್ಸು ಒಗ್ಗದಿದ್ದರೆ ಆಗ ನೋಡೋಣ ಎಂಬ ಭರವಸೆಯ ಮೇಲೆ ಅವರು ಹಡಗು ಹತ್ತಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲನ ಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಅವರಿಗೆ ಗುರುಗಳಾದರು. ಸೇಯರ್ಸರು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ರಂಗನಾಥನ್ ಅವರು ತರಗತಿಯ ಪಾಠಕ್ಕೆ ತೃಪ್ತರಾಗದೆ ಕ್ರಾಯ್ಡನ್ನಿನಲ್ಲಿ ಕೈಯಾರೆ ಕೆಲಸವನ್ನು ಮಾಡಿದರು. ಆ ದೇಶದ ಅನೇಕ ಗ್ರಂಥಾಲಯಗಳನ್ನು ಸುತ್ತಿದರು. ಮಕ್ಕಳು, ಕೂಲಿಗಾರರು, ಗೃಹಿಣಿಯರು ಯಾವ ಸಂಕೋಚವೂ ಇಲ್ಲದೆ ಗ್ರಂಥಾಲಯಕ್ಕೆ ಬಂದು ತಮಗೆ ಬೇಕಾದುದನ್ನು ಕೇಳಿ ಪಡೆಯುವುದನ್ನು ಕಂಡರು. ಸಾಕೆಂದು ಬಿಟ್ಟು ಬರಲಿದ್ದ ವೃತ್ತಿಯೇ ಅವರಿಗೆ ಜೀವಮಾನದ ವ್ರತವಾಯಿತು. 1925ರಲ್ಲಿ ಮರಳಿದ ಮೇಲೆ ಅವರು ಗಣಿತದ ಪಾಠಕ್ಕೆ ಹಿಂದಿರುಗಲಿಲ್ಲ.

ತಾವು ಕಲಿತುದನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪಿತವಾಯಿತು. 1929ರಲ್ಲಿ ಅದರ ಆಶ್ರಯದಲ್ಲಿ ಬೇಸಗೆಯ ತರಬೇತಿ ಶಾಲೆಯು ಪ್ರಾರಂಭವಾಯಿತು. 1931ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರತಿಪಾದಿಸಿದರು. ಅವುಗಳ ತಾತ್ಪರ್ಯವಿಷ್ಟೆ: ಗ್ರಂಥವು ಬಳಕೆಗಾಗಿ ಇರುವುದು, ಕೂಡಿಡುವುದಕ್ಕಾಗಿ ಅಲ್ಲ; ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಗ್ರಂಥವು ದೊರೆಯಬೇಕು; ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗನು ದೊರೆಯಬೇಕು; ಓದುಗನ ಕಾಲವು ವ್ಯರ್ಥವಾಗಬಾರದು; ಗ್ರಂಥಾಲಯವು ಜೀವವಿರುವ ವಸ್ತುವಿನಂತೆ ಬೆಳೆಯುತ್ತಿರುವುದು. ನೋಡಲು ಸರಳವಾದ ಈ ಐದರಲ್ಲಿ ಒಂದನ್ನಾದರೂ ಶಿಕ್ಷಣವಿಲ್ಲದ ಕೈಯಿಂದ ಪೂರ್ಣವಾಗಿ ಆಚರಣೆಗೆ ತರುವುದು ಕಷ್ಟ. ಕೊನೆಯ ಸೂತ್ರವಂತೂ ಗ್ರಂಥಪಾಲಕನಿಗೇ ಹೇಳಿದಂತಿದೆ. ಗ್ರಂಥಾಲಯವು ಬೆಳೆಯುವುದಾದರೆ ಅದನ್ನು ನೋಡಿಕೊಳ್ಳುವವನ ತಿಳಿವಳಿಕೆಯೂ ಬೆಳೆಯುತ್ತಿರಬೇಕು.

ರಂಗನಾಥನ್ ಅವರ ಉತ್ತರಾಯುಷ್ಯವು ಬೆಂಗಳೂರಿನಲ್ಲಿ ಕಳೆಯಿತೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. 1962ರಲ್ಲಿ ಅವರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ದೇಹವಿಟ್ಟರು. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ.

ಕಲಿಯಬೇಕಾದುದು ಏನು?

ಪುಸ್ತಕವನ್ನು ತೆಗೆದುಕೊಡುವುದಕ್ಕೆ, ಮರಳಿ ಬಂದುದನ್ನು ಇಡುವುದಕ್ಕೆ ಏನು ಶಿಕ್ಷಣ ಬೇಕು ಎಂದು ಕೇಳುವವರುಂಟು. ಮನೆಯಲ್ಲಿ ಕಷಾಯ ಮಾಡಬಲ್ಲವರಿದ್ದಾರೆಂದು ವೈದ್ಯವಿದ್ಯೆಯೇ ಬೇಡವೆನ್ನುವಂತಿದೆ ಈ ಮಾತು. ಆದುದರಿಂದ ಕಲಿಯಬೇಕಾದ ವಿಷಯಗಳನ್ನು ಒಂದೊಂದಾಗಿ ನೋಡುವುದು ಉಚಿತ.

ಮೊದಲನೆಯದು ವರ್ಗೀಕರಣ. ಡ್ಯೂಯಿಯ ಪದ್ಧತಿಯಲ್ಲಿ ಸಮಸ್ತ ವಿದ್ಯೆಗಳೂ ಹತ್ತು ವರ್ಗಗಳಾಗಿ ಹಂಚಿಹೋಗುತ್ತವೆ. ಪ್ರತಿಯೊಂದು ವರ್ಗವೂ ಮತ್ತೆ ಹತ್ತಾಗುತ್ತದೆ. 800 ಸಾಹಿತ್ಯದ ವರ್ಗ. ಅದರಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ. ಇಷ್ಟನ್ನು ಬಾಯಿಪಾಠ ಮಾಡಿದರೆ ಮುಗಿಯಲಿಲ್ಲ. ಒಂದು ವಚನಸಂಕಲನವು ಬಂದಿತೆನ್ನೋಣ. ಅದನ್ನು ಸಾಹಿತ್ಯದಲ್ಲಿ ಇಡಬೇಕೆ, ಧರ್ಮದಲ್ಲಿ ಇಡಬೇಕೆ? ಕಾವ್ಯಗುಣವನ್ನು ನೋಡಿದರೆ ಸಾಹಿತ್ಯ, ತತ್ತ್ವವನ್ನು ನೋಡಿದರೆ ಧರ್ಮ. ಇಂದು ಬಂದುದನ್ನು ಇಲ್ಲಿ, ನಾಳೆ ಬಂದುದನ್ನು ಅಲ್ಲಿ ಇಟ್ಟರೆ ಒಬ್ಬ ವಚನಕಾರನ ಕೃತಿಗಳು ಎರಡು ಕಪಾಟುಗಳಿಗೆ ಹರಿದು ಹಂಚಿಹೋಗುತ್ತವೆ. ಓದುಗನು ಒಂದನ್ನು ಕಂಡು, ಇನ್ನೊಂದು ಇಲ್ಲವೆಂದು ಹಿಂದಿರುಗುತ್ತಾನೆ. ಕಲಿತ ಗ್ರಂಥಪಾಲಕನು ವಿಚಾರ ಮಾಡಿ ಒಂದು ಸ್ಥಾನವನ್ನು ಗೊತ್ತುಮಾಡುತ್ತಾನೆ, ಕಾರಣವನ್ನು ಬರೆದಿಡುತ್ತಾನೆ, ಇನ್ನೊಂದು ಕಡೆಯಲ್ಲಿ ಹುಡುಕುವವನಿಗೆ ಸೂಚನೆಯನ್ನು ಕೊಡುತ್ತಾನೆ.

ಎರಡನೆಯದು ಸೂಚೀಕರಣ, ಎಂದರೆ ಪುಸ್ತಕಗಳ ಸೂಚಿಯನ್ನು ಸಿದ್ಧಪಡಿಸುವುದು. ಪಾಶ್ಚಾತ್ಯರು ಮಾಡಿದ ನಿಯಮಗಳು ನಮ್ಮ ಹೆಸರುಗಳ ಮುಂದೆ ತಡವರಿಸುತ್ತವೆ. ಬಸವಣ್ಣ, ಬಸವೇಶ್ವರ, ಬಸವ ಎಂದು ಮೂರು ಶೀರ್ಷಿಕೆಗಳಲ್ಲಿ ಒಬ್ಬನೇ ಮಹಾಪುರುಷನ ವಚನಗಳು ಅಚ್ಚಾಗಿವೆ. ಕೆ. ವಿ. ಪುಟ್ಟಪ್ಪನವರೇ ಕುವೆಂಪು, ದ. ರಾ. ಬೇಂದ್ರೆಯವರೇ ಅಂಬಿಕಾತನಯದತ್ತ, ಮಾಸ್ತಿಯವರೇ ಶ್ರೀನಿವಾಸ. ಇವರೆಲ್ಲ ಯಾವ ಹೆಸರಿನಲ್ಲಿ ಸೂಚಿಯನ್ನು ಪ್ರವೇಶಿಸಬೇಕು? ಒಂದನ್ನು ಪ್ರಧಾನವೆಂದು ಗೊತ್ತುಮಾಡಿ, ಉಳಿದವುಗಳಿಂದ ಅದಕ್ಕೆ ದಾರಿ ತೋರಿಸಬೇಕು. ಅಕಾರಾದಿಯಲ್ಲಿಯೂ ಸೂಕ್ಷ್ಮಗಳುಂಟು. 'ಕ್ಷ'ಕಾರವನ್ನು ಬಾಲಬೋಧೆಯಲ್ಲಿರುವಂತೆ ವರ್ಣಮಾಲೆಯ ಕೊನೆಯಲ್ಲಿಡಬೇಕೆ, ನಿಘಂಟಿನಲ್ಲಿರುವಂತೆ ಕಕಾರದ ಒತ್ತಕ್ಷರವೆಂದು ಎಣಿಸಬೇಕೆ? ಇದು ಅಲ್ಪವಿಷಯವೆಂದು ತೋರಬಹುದು. ಕ್ಷೇತ್ರಚರಿತ್ರೆಯೊಂದನ್ನು ಹುಡುಕಿ ಬಂದವನಿಗೆ ಅದು ಅಲ್ಪವಿಷಯವಲ್ಲ.

ಮೂರನೆಯದು ಪ್ರಶ್ನೆಗೆ ಉತ್ತರ ಕೊಡುವ ವಿದ್ಯೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಇದೇ ಹೃದಯಸ್ಥಾನವುಳ್ಳದ್ದು. ಬಂದವನು ಕೇಳುವ ಪ್ರಶ್ನೆಯೂ ಅವನಿಗೆ ಬೇಕಾದ ವಿಷಯವೂ ಅನೇಕ ವೇಳೆ ಬೇರೆಯಾಗಿರುತ್ತವೆ. 'ತೊಗರಿಯ ಮೇಲೆ ಪುಸ್ತಕವಿದೆಯೇ?' ಎಂದು ಒಬ್ಬ ರೈತನು ಕೇಳುತ್ತಾನೆ. ಗೊತ್ತಿಲ್ಲದವನು ಇದೆ ಅಥವಾ ಇಲ್ಲ ಎಂದು ಹೇಳಿ ಮುಗಿಸುತ್ತಾನೆ. ಬಲ್ಲವನು 'ಏನಾಗಿದೆ ಯಜಮಾನರೇ, ಬಿತ್ತನೆಗೋ, ರೋಗಕ್ಕೋ?' ಎಂದು ವಿಚಾರಿಸುತ್ತಾನೆ. ಗಿಡ ನಿಂತ ನಿಲುವಿನಲ್ಲಿ ಒಣಗುತ್ತಿದೆ ಎಂಬ ಉತ್ತರ ಬಂದರೆ ಅದು ನೆಟೆರೋಗವಿರಬಹುದು. ಗಿಡ ಹಸುರಾಗಿಯೇ ಇದ್ದು ಹೂಕಾಯಿ ಹಿಡಿಯುತ್ತಿಲ್ಲವೆಂದರೆ ಗೊಡ್ಡುರೋಗವಿರಬಹುದು. ಗ್ರಂಥಪಾಲಕನು ಕೃಷಿಪಂಡಿತನಾಗಬೇಕಿಲ್ಲ, ರೋಗವನ್ನು ತಾನೇ ನಿರ್ಣಯಿಸಲೂಬಾರದು. ಆದರೆ ಕೃಷಿ ವಿಶ್ವವಿದ್ಯಾನಿಲಯದ ಕಿರುಹೊತ್ತಗೆಯಲ್ಲಿ ಈ ಎರಡು ರೋಗಗಳ ವಿವರವಿರುವ ಪುಟವನ್ನು ತೆರೆದು ಕೊಡಬಲ್ಲವನಾಗಬೇಕು. ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ದಾರಿ ತೋರಿಸಬಲ್ಲವನಾಗಬೇಕು. ಓದು ಬಾರದವನಾದರೆ ಆ ಪುಟವನ್ನು ಓದಿ ಹೇಳಬೇಕು.

ಹೀಗೆಯೇ ಒಬ್ಬನು ಬಂದು 'ಬಸವಪುರಾಣ'ವನ್ನು ಕೇಳಿದರೆ, ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನೋ, 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ರಚಿಸಿದುದನ್ನೋ, ಮಕ್ಕಳಿಗೆ ಹೇಳಲು ಸುಲಭವಾದ ಗದ್ಯಕಥೆಯನ್ನೋ ಎಂದು ತಿಳಿದುಕೊಳ್ಳಬೇಕು. ಕೇಳುವಾಗ ಓದುಗನಿಗೆ ತನ್ನ ಅಜ್ಞಾನವು ಬಯಲಾಯಿತೆಂಬ ನಾಚಿಕೆ ಹುಟ್ಟಬಾರದು. ಯಾರು ಯಾವ ಪುಸ್ತಕವನ್ನು ಒಯ್ದರೆಂಬುದನ್ನು ಮೂರನೆಯವರ ಮುಂದೆ ಆಡಲೂಬಾರದು. ವಿನಯ, ತಾಳ್ಮೆ, ಗೋಪ್ಯ ಇವು ಹುಟ್ಟುಗುಣಗಳೆಂದು ತಿಳಿಯುವುದು ವಾಡಿಕೆ. ಹಿರಿಯರು ಹೇಗೆ ಕೇಳುತ್ತಾರೆಂಬುದನ್ನು ನೋಡಿ, ತಾನೂ ಕೇಳಿ ಅಭ್ಯಾಸ ಮಾಡಿದರೆ ಅವೂ ಕಲಿತು ಬರುವ ಗುಣಗಳೇ.

ನಾಲ್ಕನೆಯದು ಸಂರಕ್ಷಣೆ. ಗೋಡೆಗೆ ಒತ್ತಿದ ಕಪಾಟಿಗೆ ಗೆದ್ದಲು ಏರುವುದು, ತೇವದಿಂದ ಬೂಷ್ಟು ಹಿಡಿಯುವುದು, ನೇರ ಬಿಸಿಲಿಗೆ ಕಾಗದವು ಹಳದಿಯಾಗಿ ಮುರಿಯುವುದು, ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಿದರೆ ಕೆಲವು ವರ್ಷಗಳಲ್ಲಿ ಆ ಪಟ್ಟಿಯೇ ಕಲೆಯಾಗುವುದು ಇವನ್ನೆಲ್ಲ ತಿಳಿದಿರಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆದುಹಾಕಬೇಕೆಂಬ ವಿವೇಕವೂ ಇದಕ್ಕೇ ಸೇರಿದುದು. ಕಾಲ ಮೀರಿದ ಪರೀಕ್ಷಾ ಮಾರ್ಗದರ್ಶಿಗಳಿಗೆ ಕಪಾಟಿನಲ್ಲಿ ಸ್ಥಳ ಕೊಟ್ಟು, ಆ ಊರಿನ ಇತಿಹಾಸವುಳ್ಳ ಹಳೆಯ ಸ್ಮರಣ ಸಂಚಿಕೆಯನ್ನು ರದ್ದಿಗೆ ಹಾಕಿದರೆ, ಕಳೆದುಹೋದುದು ಮತ್ತೆಲ್ಲಿಯೂ ದೊರೆಯದು.

ಐದನೆಯದು ಈ ಕಾಲದ ಯಂತ್ರವಿದ್ಯೆ. ಸೂಚಿಯು ಚೀಟಿಗಳ ಪೆಟ್ಟಿಗೆಯಿಂದ ಗಣಕಯಂತ್ರಕ್ಕೆ ಬಂದಿದೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರೂಪಿಸಿದ 'ಇ-ಗ್ರಂಥಾಲಯ', ನ್ಯೂಜಿಲೆಂಡಿನಲ್ಲಿ ಹುಟ್ಟಿ ಎಲ್ಲರಿಗೂ ಉಚಿತವಾಗಿ ದೊರೆಯುವ 'ಕೋಹಾ' ಮೊದಲಾದ ತಂತ್ರಾಂಶಗಳು ಬಳಕೆಯಲ್ಲಿವೆ. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು 2020ರಿಂದ ಪುಸ್ತಕಗಳನ್ನು ಮೊಬೈಲಿಗೂ ತಲಪಿಸಿದೆ. ಎಲ್ಲವೂ ಅಂಗೈಯಲ್ಲಿಯೇ ಇರುವಾಗ ಗ್ರಂಥಪಾಲಕನೇಕೆ ಎಂಬ ಸಂದೇಹವು ಸಹಜವಾದುದು. ಅಂಗೈಯಲ್ಲಿ ಬರುವುದರಲ್ಲಿ ಸತ್ಯವೂ ಇದೆ, ಸುಳ್ಳೂ ಇದೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಹೋಲುವ ವಂಚನೆಯ ಪುಟಗಳೂ ಇವೆ. ಜಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳುವ ಕ್ರಮವನ್ನು ಓದುಗನಿಗೆ ತೋರಿಸಿಕೊಡುವವನು ಮೊದಲು ತಾನು ಅದನ್ನು ಕಲಿತಿರಬೇಕಷ್ಟೆ.

ಕರ್ನಾಟಕದ ಸ್ಥಿತಿ

ಸಾರ್ವಜನಿಕ ಗ್ರಂಥಾಲಯಗಳಿಗೆ ಶಾಸನದ ಆಧಾರವನ್ನು ಒದಗಿಸಿದ ರಾಜ್ಯಗಳಲ್ಲಿ ಮದರಾಸು ಮೊದಲನೆಯದು. ಅಲ್ಲಿ 1948ರಲ್ಲಿಯೇ ಅಧಿನಿಯಮವಾಯಿತು. ನಮ್ಮ ರಾಜ್ಯವು ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ರಚಿತವಾಯಿತು. ಪ್ರತ್ಯೇಕವಾದ ಇಲಾಖೆಯೂ ಏರ್ಪಟ್ಟಿತು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿದುದರಿಂದ ಗ್ರಂಥಾಲಯವು ಯಾರೊಬ್ಬರ ದಯೆಯನ್ನೂ ಅವಲಂಬಿಸದೆ ಪ್ರಜೆಗಳ ಹಕ್ಕಾಯಿತು. ರಾಜಧಾನಿಯಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ, ನಗರಗಳಲ್ಲಿ ನಗರ ಕೇಂದ್ರ ಗ್ರಂಥಾಲಯ, ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ, ಅವುಗಳ ಶಾಖೆಗಳು, ಇವೆಲ್ಲದರ ಬುಡದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಎಂಬ ಶ್ರೇಣಿಯು ಬೆಳೆಯಿತು.

ಶಿಕ್ಷಣದ ಸೌಲಭ್ಯವು ಈ ಶ್ರೇಣಿಯ ಮೇಲ್ತುದಿಯಲ್ಲಿ ಸಮೃದ್ಧವಾಗಿದೆ. ಗ್ರಂಥಾಲಯ ವಿಜ್ಞಾನದ ಪದವಿ, ಸ್ನಾತಕೋತ್ತರ ಪದವಿಗಳನ್ನು ರಾಜ್ಯದ ವಿಶ್ವವಿದ್ಯಾನಿಲಯಗಳು ನೀಡುತ್ತವೆ. ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರಿಗೆ ಅಧ್ಯಾಪಕರಂತೆಯೇ ಪುನಶ್ಚೇತನ ಶಿಬಿರಗಳುಂಟು. ಅವರ ಬಡ್ತಿಯೂ ಅವುಗಳೊಡನೆ ಹೊಂದಿಕೊಂಡಿದೆ. 1972ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ರಾಜ್ಯಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವನ್ನು ನೀಡುತ್ತಿದೆ. ಯುನೆಸ್ಕೋ ಸಂಸ್ಥೆಯು 1949ರಲ್ಲಿ ಹೊರಡಿಸಿ, ಅನಂತರ 1972, 1994, 2022ರಲ್ಲಿ ಪರಿಷ್ಕೃತವಾದ ಸಾರ್ವಜನಿಕ ಗ್ರಂಥಾಲಯ ಘೋಷಣೆಯಿದೆ. ಗ್ರಂಥಪಾಲಕನು ಓದುಗನಿಗೂ ಗ್ರಂಥಕ್ಕೂ ನಡುವೆ ನಿಂತ ಚೈತನ್ಯಶೀಲ ಮಧ್ಯವರ್ತಿ, ಅವನಿಗೆ ನಿರಂತರ ಶಿಕ್ಷಣವು ಅನಿವಾರ್ಯ ಎಂಬ ಅಭಿಪ್ರಾಯವು 1994ರ ಘೋಷಣೆಯಲ್ಲಿಯೇ ಸ್ಪಷ್ಟವಾಗಿ ಬಂದಿದೆ.

ಆದರೆ ಶ್ರೇಣಿಯ ಬುಡಕ್ಕೆ ಇಳಿದಂತೆ ಈ ಹೊನಲು ತೆಳ್ಳಗಾಗುತ್ತದೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಇವುಗಳನ್ನು ನಡೆಸುವ ಮೇಲ್ವಿಚಾರಕರು ದೀರ್ಘಕಾಲ ಅಲ್ಪ ಗೌರವಧನದ ಮೇಲೆ ದುಡಿದವರು. ಅವರಲ್ಲಿ ಅನೇಕರಿಗೆ ಗ್ರಂಥಾಲಯ ವಿಜ್ಞಾನದ ಪದವಿಯಿಲ್ಲ. ನಗರದ ಗ್ರಂಥಾಲಯದಲ್ಲಿ ಒಬ್ಬನಿಗೆ ತಿಳಿಯದುದನ್ನು ಪಕ್ಕದ ಮೇಜಿನವನು ಹೇಳುತ್ತಾನೆ. ಹಳ್ಳಿಯ ಗ್ರಂಥಾಲಯದಲ್ಲಿ ಪಕ್ಕದ ಮೇಜೇ ಇಲ್ಲ. ಬಾಗಿಲು ತೆರೆಯುವವರು, ಕಸ ಗುಡಿಸುವವರು, ಸದಸ್ಯರ ಲೆಕ್ಕ ಬರೆಯುವವರು, ಪ್ರಶ್ನೆಗೆ ಉತ್ತರ ಕೊಡುವವರು ಎಲ್ಲರೂ ಅವರೊಬ್ಬರೇ. ಯಾರಿಗೆ ಸಹಾಯಕರಿಲ್ಲವೋ ಅವರಿಗೆ ವಿದ್ಯೆಯೇ ಸಹಾಯಕನಾಗಬೇಕು. ಎಲ್ಲರಿಗಿಂತ ಹೆಚ್ಚಿನ ಶಿಕ್ಷಣವು ಬೇಕಾದ ಕಡೆಯಲ್ಲಿ ಎಲ್ಲಕ್ಕಿಂತ ಕಡಿಮೆ ಶಿಕ್ಷಣವಿದೆ ಎಂಬುದು ಈ ವ್ಯವಸ್ಥೆಯ ಮುಖ್ಯವಾದ ವೈಷಮ್ಯ.

ಈಚಿನ ವರ್ಷಗಳಲ್ಲಿ ಇದಕ್ಕೆ ಪರಿಹಾರದ ಲಕ್ಷಣಗಳೂ ಕಾಣುತ್ತಿವೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುವು. ಬಳಿಕ 'ಅರಿವು ಕೇಂದ್ರ' ಎಂಬ ಹೆಸರನ್ನು ಪಡೆದುವು. 2020ರಲ್ಲಿ, ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದ್ದ ಸಮಯದಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮವು ಪ್ರಾರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವವು ದೊರೆಯಿತು. ಅದುವರೆಗೆ ದಿನಪತ್ರಿಕೆಯ ಓದಿಗೇ ಮೀಸಲೆಂಬಂತಿದ್ದ ಎಷ್ಟೋ ಕೋಣೆಗಳಿಗೆ ಮಕ್ಕಳು ಬಂದರು. ಮಕ್ಕಳು ಬಂದುದರಿಂದ ಮೇಲ್ವಿಚಾರಕರ ಕೆಲಸದ ಸ್ವರೂಪವೇ ಬದಲಾಯಿತು. ಕಥೆಯನ್ನು ಗಟ್ಟಿಯಾಗಿ ಓದಿ ಹೇಳುವುದು, ಓದಲು ತಡವರಿಸುವ ಮಗುವಿಗೆ ತಕ್ಕ ಪುಸ್ತಕವನ್ನು ಆರಿಸುವುದು, ಬೆರಳಿನಿಂದ ಬ್ರೈಲ್ ಓದುವ ಮಗುವಿಗೂ ಸ್ಥಳವಿದೆಯೆಂದು ತೋರಿಸುವುದು ಇವು ಆಜ್ಞೆಯಿಂದ ಬರುವ ವಿದ್ಯೆಗಳಲ್ಲ, ಅಭ್ಯಾಸದಿಂದ ಬರತಕ್ಕವು.

ತರಬೇತಿಯ ಕ್ರಮ

ಹಾಗಾದರೆ ಈ ಶಿಕ್ಷಣವು ಹೇಗಿರಬೇಕು? ಇನ್ನೂರು ಜನರನ್ನು ಒಂದು ಸಭಾಂಗಣದಲ್ಲಿ ಕೂಡಿಸಿ, ಬೆಳಗಿನಿಂದ ಸಂಜೆಯವರೆಗೆ ಉಪನ್ಯಾಸ ಮಾಡಿ, ಪ್ರಮಾಣಪತ್ರವನ್ನು ಹಂಚಿ ಕಳುಹಿಸಿದರೆ ತರಬೇತಿಯಾಯಿತೆಂದು ವರದಿ ಬರೆಯಬಹುದು. ಮರುದಿನ ಗ್ರಂಥಾಲಯದಲ್ಲಿ ಏನೂ ಬದಲಾಗಿರುವುದಿಲ್ಲ. ಈಜುವುದನ್ನು ದಡದಲ್ಲಿ ಕುಳಿತು ಕಲಿತವರಿಲ್ಲ. ರಂಗನಾಥನ್ ಅವರಿಗೆ ಕ್ರಾಯ್ಡನ್ ಪಟ್ಟಣವು ಏನಾಗಿತ್ತೋ, ನಾಗಾವಿಯ ಕಿರಿಯನಿಗೆ ಹಿರಿಯ ಭಂಡಾರಿಗನು ಏನಾಗಿದ್ದಿರಬಹುದೋ, ಅಂಥದೊಂದು ಆಸರೆಯು ಇಂದಿನ ಮೇಲ್ವಿಚಾರಕರಿಗೆ ಬೇಕು. ಚೆನ್ನಾಗಿ ನಡೆಯುವ ಒಂದು ಗ್ರಂಥಾಲಯದಲ್ಲಿ ಕೆಲವು ದಿನ ಜೊತೆಗಿದ್ದು ಕೆಲಸ ಮಾಡುವ ಅವಕಾಶವು ಹತ್ತು ಉಪನ್ಯಾಸಗಳಿಗಿಂತ ಮಿಗಿಲು.

ಎರಡನೆಯದಾಗಿ, ತರಬೇತಿಯು ಮೇಲ್ವಿಚಾರಕರ ಸ್ವಂತ ಅನುಭವದಿಂದ ಹೊರಡಬೇಕು. ದಿನದಿನವೂ ಬಂದ ಪ್ರಶ್ನೆಗಳಲ್ಲಿ ತಮ್ಮಿಂದ ಉತ್ತರ ಕೊಡಲಾಗದೆ ಉಳಿದವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕ್ರಮವನ್ನು ಅವರು ಇಟ್ಟುಕೊಂಡರೆ, ಆ ಪುಸ್ತಕವೇ ಮುಂದಿನ ಶಿಬಿರದ ಪಠ್ಯವಾಗುತ್ತದೆ. ತಾಲ್ಲೂಕಿನ ಮೇಲ್ವಿಚಾರಕರು ತಿಂಗಳಿಗೊಮ್ಮೆ ಕೂಡಿ ಆ ಪ್ರಶ್ನೆಗಳನ್ನು ಪರಸ್ಪರ ಬಿಡಿಸಿಕೊಳ್ಳುವುದಕ್ಕೆ ಹೆಚ್ಚಿನ ವೆಚ್ಚವೂ ಆಗದು. ಮೂರನೆಯದಾಗಿ, ಅವರು ಕಲಿಯಲು ಹೋದ ದಿನ ಗ್ರಂಥಾಲಯದ ಬಾಗಿಲು ಮುಚ್ಚಬಾರದು. ಅವರ ಆ ದಿನದ ಸಂಭಾವನೆಯೂ ಕಡಿತವಾಗಬಾರದು. ಕಲಿಯುವುದು ಶಿಕ್ಷೆಯಾಗಿ ಪರಿಣಮಿಸಿದರೆ ಕಲಿಯುವವರಾರು? ನಾಲ್ಕನೆಯದಾಗಿ, ಒಮ್ಮೆ ಕಲಿತುದು ಜೀವಮಾನಕ್ಕೆ ಸಾಕೆಂಬ ಭಾವನೆಯು ತೊಲಗಬೇಕು. ಚೀಟಿಯ ಸೂಚಿಯನ್ನು ಕಲಿತವರು ಗಣಕವನ್ನು ಕಲಿಯಬೇಕಾಯಿತು. ಗಣಕವನ್ನು ಕಲಿತವರು ನಾಳೆ ಮತ್ತೊಂದನ್ನು ಕಲಿಯಬೇಕಾಗುವುದು.

ಸಮಾಜದ ಹೊಣೆ

ಸರಕಾರವು ಮಾಡಬೇಕಾದುದನ್ನು ಸರಕಾರವು ಮಾಡಲಿ. ವಿದ್ಯಾಸಂಸ್ಥೆಗಳೂ ದಾನಿಗಳೂ ಮಾಡಬಹುದಾದುದೂ ಇದೆ. ಪುಸ್ತಕದಾನವು ನಮ್ಮಲ್ಲಿ ಶ್ರೇಷ್ಠ ದಾನವೆಂದು ಮನ್ನಣೆ ಪಡೆದಿದೆ. ಪುಸ್ತಕ ಕೊಟ್ಟವರ ಹೆಸರನ್ನು ಒಳಪುಟದಲ್ಲಿ ಬರೆಯುತ್ತಾರೆ. ಕಪಾಟು ಕೊಟ್ಟವರ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸುತ್ತಾರೆ. ಒಬ್ಬ ಗ್ರಂಥಪಾಲಕನಿಗೆ ಶಿಕ್ಷಣವನ್ನು ಕೊಡಿಸಿದವರ ಹೆಸರನ್ನು ಬರೆಯಲು ಫಲಕವಿಲ್ಲ. ಅದರಿಂದಲೇ ಏನೋ, ಆ ದಾನಕ್ಕೆ ಮುಂದೆ ಬರುವವರು ವಿರಳ. ಆದರೆ ಆ ಒಬ್ಬನ ಕೈಯಿಂದ ಆಮೇಲಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಹಾದುಹೋಗುವ ಓದುಗರ ಸಂಖ್ಯೆಯನ್ನು ಎಣಿಸಿದರೆ, ಇದಕ್ಕಿಂತ ಹೆಚ್ಚು ಕಾಲ ಬಾಳುವ ದಾನವು ಮತ್ತೊಂದಿಲ್ಲವೆಂದು ತೋರುತ್ತದೆ. ಹೊಸ ಪುಸ್ತಕಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಶಾಲೆಯ ಇಲ್ಲವೆ ಊರಿನ ಗ್ರಂಥಪಾಲಕರ ಕಲಿಕೆಗೆ, ಪ್ರಯಾಣಕ್ಕೆ, ಅವರಿಗೆ ಬೇಕಾದ ಆಕರಗ್ರಂಥಗಳಿಗೆ ಮೀಸಲಾಗಿಡುವುದು ವಿವೇಕದ ಮಾರ್ಗ.

ಶಿಕ್ಷಕರಿಂದಾಗುವ ಸಹಾಯವು ಇನ್ನೂ ಸುಲಭವಾದುದು. ಯಾವ ಪಾಠಕ್ಕೆ ಯಾವ ಪುಸ್ತಕ ಬೇಕೆಂಬುದನ್ನು ಊರಿನ ಗ್ರಂಥಾಲಯದವರಿಗೆ ಮುಂಚಿತವಾಗಿ ತಿಳಿಸುವುದು, ಕನ್ನಡದ ಅಧ್ಯಾಪಕರು ವಚನ, ಪುರಾಣ, ಕಾವ್ಯಗಳ ಪ್ರಕಾರಭೇದವನ್ನೂ ಕವಿಗಳ ಹೆಸರುಗಳನ್ನೂ ಅವರಿಗೆ ತಿಳಿಯಹೇಳುವುದು, ವಿಜ್ಞಾನದ ಅಧ್ಯಾಪಕರು ಗಣಕದ ಬಳಕೆಯನ್ನು ತೋರಿಸಿಕೊಡುವುದು ಇವು ಯಾವ ಅನುದಾನವನ್ನೂ ಕಾಯದೆ ಆಗುವ ಕೆಲಸಗಳು. ಹಳೆಯ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯಲ್ಲಿರುವವರು ತಮ್ಮ ಊರಿಗೆ ಬಂದಾಗ ಒಂದು ದಿನವನ್ನು ಅಲ್ಲಿನ ಗ್ರಂಥಾಲಯದಲ್ಲಿ ಕಳೆದರೆ ಅದೇ ಒಂದು ಶಿಬಿರ.

ಸತ್ಯಶುದ್ಧವಾದ ಯಾವ ದುಡಿಮೆಯೂ ಕೀಳಲ್ಲವೆಂಬ ಕಾಯಕತತ್ತ್ವವನ್ನು ಜಗತ್ತಿಗೆ ಕೊಟ್ಟ ನಾಡಿದು. ಗ್ರಂಥಪಾಲನೆಯೂ ಒಂದು ಕಾಯಕ. ಕಾಯಕಕ್ಕೆ ಶ್ರದ್ಧೆಯೂ ಬೇಕು, ಕೈಯ ಹದವೂ ಬೇಕು. ಹದವನ್ನರಿಯದ ಕಮ್ಮಾರನ ಶ್ರದ್ಧೆಯಿಂದ ಕುಡುಗೋಲು ಹರಿತವಾಗದು. ಹಳ್ಳಿಯ ಗ್ರಂಥಾಲಯದ ಬಾಗಿಲನ್ನು ದಿನವೂ ತೆರೆಯುವವರಲ್ಲಿ ಶ್ರದ್ಧೆಯು ಇದ್ದೇ ಇದೆ. ಇಲ್ಲದಿದ್ದರೆ ಅಷ್ಟು ಅಲ್ಪ ಪ್ರತಿಫಲಕ್ಕೆ ಅಷ್ಟು ವರ್ಷ ಅವರು ಅಲ್ಲಿ ಕೂರುತ್ತಿರಲಿಲ್ಲ. ಅವರಿಗೆ ಹದವನ್ನು ಕಲಿಸುವುದು ಉಳಿದವರ ಹೊಣೆ. ನಾಗಾವಿಯ ಘಟಿಕಾಸ್ಥಾನವನ್ನು ಕಟ್ಟಿದವರು ಆರು ಉಪಾಧ್ಯಾಯರಿಗೆ ಆರು ಭಂಡಾರಿಗರನ್ನು ನೇಮಿಸಿದ್ದರು. ಇಂದು ಅಷ್ಟು ಸಂಖ್ಯೆಯು ಸಾಧ್ಯವಾಗದೆ ಇರಬಹುದು. ಇರುವ ಒಬ್ಬರನ್ನಾದರೂ ಉಪಾಧ್ಯಾಯರಷ್ಟೇ ಕಲಿತವರನ್ನಾಗಿ ಮಾಡುವುದು ಸಾಧ್ಯವಿದೆ, ಮತ್ತು ಆಗಬೇಕಾದುದೂ ಅದೇ.